ಗೋಳಿಬಜೆಗೆ ಗುಣಮಟ್ಟದ ಗ್ರಾಫು

ಮೂಡುಬಿದಿರೆಯ ಕಾಲೇಜೊಂದರಲ್ಲಿ ಸಂಖ್ಯಾಶಾಸ್ತ್ರ ಕಲಿಸುವವನು ನಾನು. ಕರಿಹಲಗೆಯ ಮೇಲೆ ಎಷ್ಟೋ ಕಾರ್ಖಾನೆಗಳನ್ನು ಉದ್ಧಾರ ಮಾಡಿದ್ದೇನೆ. ನಿಜವಾದ ಕಾರ್ಖಾನೆಗೆ ಕಾಲಿಟ್ಟವನಲ್ಲ. ತೊಂಬತ್ತರ ದಶಕದ ಒಂದು ಬೇಸಿಗೆ ರಜೆ. ಹೆಂಡತಿಯ ತಮ್ಮ ದಿನೇಶ ಗುರುವಾಯನಕೆರೆಯಲ್ಲಿ ಹೋಟೆಲು ತೆರೆದಿದ್ದ. ಮೈದಾ ಹಿಟ್ಟಿನ ಉಂಡೆ ಕರಿದ ಗೋಳಿಬಜೆ ಅಲ್ಲಿಯ ಮುಖ್ಯ ತಿಂಡಿ. ನಾವು ಅವನ ಮನೆಯಲ್ಲೇ ಉಳಿದಿದ್ದೆವು. ಹೋಟೆಲಿನ ಗುಣಮಟ್ಟ ಕಾಯುವ ಭಾರವನ್ನು ಯಾರೂ ಹೇಳದೆಯೇ ಹೊತ್ತುಕೊಂಡೆ!

ದಿನೇಶ ಮಸ್ಕತ್ತಿನ ಕೆಲಸ ಬಿಟ್ಟು ಬಂದವನು. ಹೋಟೆಲು ನಡೆಯದಿದ್ದರೆ ಪುನಃ ವಿಮಾನ ಹತ್ತಬೇಕು. ಅವನ ಮಗಳು ಆಗಷ್ಟೇ 'ಪಪ್ಪ' ಅನ್ನಲು ಕಲಿತಿದ್ದಳು. ಚಾ ಕುಡಿದು ಸುಮ್ಮನೆ ಬನ್ನಿ, ಅವನಿಗೆ ಉಪದ್ರ ಕೊಡ್ಬೇಡಿ ಎಂದು ಹೆಂಡತಿ ಸುಜಾತ ಮೊದಲೇ ಎಚ್ಚರಿಸಿದ್ದಳು. ಶಾಸ್ತ್ರದಿಂದ ಯಾರಿಗಾದರೂ ಉಪದ್ರ ಆಗುವುದುಂಟಾ?

ಗಲ್ಲಾಪೆಟ್ಟಿಗೆಯ ಹಿಂದೆ, ಗಣಪತಿಯ ಫೋಟೋದ ಪಕ್ಕ ಗ್ರಾಫ್ ಹಾಳೆ ಅಂಟಿಸಿದೆ. ದಿನದ ದೂರುಗಳಿಗೆ ಒಂದು ಚುಕ್ಕೆ. ಪೆನ್ಸಿಲು ಹಿಡಿದು ಮೇಜಿನಿಂದ ಮೇಜಿಗೆ ಹೋಗಿ, ಗೋಳಿಬಜೆಯಲ್ಲಿ ಏನಾದರೂ ಕೊರತೆ ಉಂಟಾ ಎಂದು ಕೇಳಿದೆ. ಎಲ್ಲರದ್ದೂ ಒಂದೇ ಉತ್ತರ: ಲಾಯ್ಕುಂಟು ಮಾಸ್ಟ್ರೇ. ಚುಕ್ಕೆ ಸೊನ್ನೆಯಲ್ಲಿ ಕುಳಿತಿತು. ಮರುದಿನವೂ ಸೊನ್ನೆ. ಒಂದು ದಿನ ಚಟ್ನಿಗೆ ಎರಡು ಸಲ ಉಪ್ಪು ಬಿತ್ತು. ಜನ ಚೆಂಬುಗಟ್ಟಲೆ ನೀರು ಕುಡಿದು, ಲಾಯ್ಕುಂಟು ಎಂದರು. ಸೊನ್ನೆ!

ನಮ್ಮ ಕಡೆ ಬಡಿಸಿದವನ ಮುಖಕ್ಕೆ ಹೊಡೆದ ಹಾಗೆ ತಪ್ಪು ಹೇಳುವ ಕ್ರಮ ಇಲ್ಲ. ಮೇಲಾಗಿ ಕೆಲವರ ಮಕ್ಕಳು ನನ್ನ ಕ್ಲಾಸಿನಲ್ಲೇ ಇದ್ದರು. ಹೀಗೆ ಸೊನ್ನೆ ರಾಶಿ ಬಿದ್ದರೆ ಅನುಮಾನಿಸಬೇಕು. ದೂರೇ ಇಲ್ಲದ ಸೊನ್ನೆ ಬೇರೆ, ಬಾಯಿ ಬಿಡದವರ ಸೊನ್ನೆ ಬೇರೆ. ಇದನ್ನು ನಾನು ವರ್ಷವರ್ಷವೂ ಪಾಠ ಮಾಡಿದ್ದೇನೆ. ಕಲಿತಿರಲಿಲ್ಲ, ಅಷ್ಟೆ.

ಹೋಟೆಲಿನ ಬೆಂಚುಗಳು ಖಾಲಿಯಾಗತೊಡಗಿದವು. ದಿನೇಶನ ಮುಖ ಸಣ್ಣದಾಯಿತು.

"ಭಾವ, ದೂರು ಸೊನ್ನೆ, ಸರಿ. ಈಗ ಜನವೂ ಸೊನ್ನೆ ಆಗ್ತಾ ಉಂಟಲ್ಲ," ಎಂದ.

 ಕೂಡಲೇ ಅವನ ಲೆಕ್ಕದ ಪುಸ್ತಕ ನೋಡಿ ಗಿರಾಕಿಗಳ ಗ್ರಾಫು ಬರೆದೆ. ಗೆರೆ ಕೆಳಗೆ ಕೆಳಗೆ ಹೋಗಿತ್ತು, ಒಂದು ದಿನ ಮಾತ್ರ ಚುಕ್ಕೆ ಆಕಾಶಕ್ಕೆ ಹಾರಿತ್ತು. ಆ ದಿನ ನಾನು ಜ್ವರ ಬಂದು ಮಲಗಿದ್ದೆ. ಅಸಹಜ ಚುಕ್ಕೆ ಎಂದು ಗಂಭೀರವಾಗಿ ನಿರ್ಧರಿಸಿ ರಬ್ಬರಿನಿಂದ ಒರೆಸಿಬಿಟ್ಟೆ!

ಹೀಗೆ ಗೆರೆ ಇಳಿದರೆ ಏನೋ ಒಂದು ವಿಶೇಷ ಕಾರಣ ಹೊರಗಿನಿಂದ ಹೊಕ್ಕಿರುತ್ತದೆ, ಅದನ್ನು ಹುಡುಕಿ ತೆಗೆಯಬೇಕು ಎನ್ನುತ್ತದೆ ಶಾಸ್ತ್ರ. ಹುಡುಕುತ್ತ ಎದುರಿನ ಹೋಟೆಲಿಗೆ ಹೊಕ್ಕೆ. ದಿನೇಶನ ಕಾಯಂ ಗಿರಾಕಿ, ಬಟ್ಟೆ ಅಂಗಡಿಯ ಇಬ್ರಾಹಿಂ ಬ್ಯಾರಿಗಳು ಅಲ್ಲಿ ತಣ್ಣಗಾದ ಗೋಳಿಬಜೆ ತಿನ್ನುತ್ತಿದ್ದರು. ಪಾಪ, ನಾಚಿಕೆಯಿಂದ ಎದ್ದು ನಿಂತರು. ನನ್ನನ್ನು ಕೂರಿಸಿ ಚಾ ಹೇಳಿದರು.

"ಮಾಸ್ಟ್ರೇ, ಬೇಸರ ಮಾಡ್ಬೇಡಿ. ಬಜೆ ನಿಮ್ಮಲ್ಲಿಯದ್ದೇ ಲಾಯ್ಕ. ಇಲ್ಲಿ ತಿಂದ ಮೇಲೆ ಪರೀಕ್ಷೆ ಇಲ್ಲ, ಅಷ್ಟೆ."

ಚಾ ಅರ್ಧಕ್ಕೇ ಬಿಟ್ಟು ಎದ್ದೆ. ಮನೆಗೆ ಬಂದು ಸುಜಾತಳಿಗೆ ಎಲ್ಲ ಹೇಳಿದೆ. ಅವಳು ಒಳಗೆ ಹೋಗಿ ನನ್ನ ಬ್ಯಾಗು ತಂದು ಮುಂದಿಟ್ಟಳು.

"ನಿಮ್ಮ ಆ ವಿಶೇಷ ಕಾರಣ ಸಿಕ್ಕಿತಲ್ಲ? ಅದಕ್ಕೊಂದು ಅಂಗಿ ಹಾಕಿ ಮೂಡುಬಿದಿರೆ ಬಸ್ಸಿಗೆ ಹತ್ತಿಸಿ."

ಹತ್ತಿದೆ. ಮುಂದಿನ ವಾರವೇ ದಿನೇಶನ ಫೋನು ಬಂತು: ಬೆಂಚಿನಲ್ಲಿ ಜಾಗ ಇಲ್ಲವಂತೆ, ಮಗಳನ್ನು ಬಿಟ್ಟು ಮಸ್ಕತ್ತಿಗೆ ಹೋಗುವ ಮಾತೇ ಇಲ್ಲವಂತೆ. ಕೇಳಿ ನಿಜಕ್ಕೂ ಸಂತೋಷವಾಯಿತು. ಕೊನೆಗೂ ನನ್ನ ಶಾಸ್ತ್ರವೇ ಗೆದ್ದಿತು, ನಾನು ಊರು ಬಿಟ್ಟ ಮೇಲೆ!