ಐದರವರೆಗೆ ಎಣಿಸಲಾರದವನು

ಇನ್ನೊಬ್ಬರ ತಪ್ಪಿನ ಬಗ್ಗೆ ಮೂರು ಪುಟ ಬರೆಯುವುದು ಎಷ್ಟು ಸುಲಭವೋ ತನ್ನ ತಪ್ಪಿನ ಬಗ್ಗೆ ಮೂರು ಸಾಲು ಬರೆಯುವುದು ಅಷ್ಟೇ ಕಷ್ಟ. ಇದನ್ನು ನಾನು ಊಹಿಸಿ ಹೇಳುತ್ತಿಲ್ಲ. ಮೂರು ಪುಟ ಗೀಚಿದವನೂ ನಾನೇ, ಮೂರು ಸಾಲಿಗೆ ತಿಣುಕಿದವನೂ ನಾನೇ. ಆ ಮೂರು ಪುಟಗಳಿಗೆ ಮೇಲೊಂದು ಶೀರ್ಷಿಕೆ, ಪಕ್ಕದಲ್ಲಿ ಕ್ರಮಸಂಖ್ಯೆ, ಕೊನೆಯಲ್ಲಿ ನನ್ನ ಸಹಿ ಎಲ್ಲವೂ ಇದ್ದವು. ಇಲ್ಲದ್ದು ಸತ್ಯವೊಂದೇ.

ನನ್ನ ಕಸುಬು ದುಭಾಷಿಯದು. ತಮಿಳು ಸೀಮೆಯ ಅಂಬತ್ತೂರಿನ ಕಾರ್ಖಾನೆಗಳಲ್ಲಿ ತೂಗುವ, ಅಳೆಯುವ, ಒತ್ತುವ ಹಳೆಯ ಯಂತ್ರಗಳು ಬೇಕಾದಷ್ಟಿವೆ. ಅವು ಸೀರಿಯಲ್ ಪೋರ್ಟ್ ಎಂಬ ಹಳೇಕಾಲದ ತೂತಿನ ಮೂಲಕ ಏನನ್ನೋ ಗೊಣಗುತ್ತವೆ. ಆ ಗೊಣಗಾಟವನ್ನು ಕಂಪ್ಯೂಟರಿಗೆ ತಿಳಿಯುವಂತೆ ಬಿಡಿಸಿ ಹೇಳುವ ಪ್ರೋಗ್ರಾಮು ಬರೆಯುವುದು ನನ್ನ ಕೆಲಸ. ಪೆರಂಬೂರಿನ ನನ್ನ ಅತ್ತೆಗೆ ಇದನ್ನು ಮದುವೆಯಾದ ಹೊಸದರಲ್ಲಿ ಅರ್ಧ ಗಂಟೆ ಕೂರಿಸಿಕೊಂಡು ವಿವರಿಸಿದ್ದೆ. ಅವರು ಶ್ರದ್ಧೆಯಿಂದ ಕೇಳಿಸಿಕೊಂಡು, ಮರುದಿನ ಪಕ್ಕದ ಮನೆಯವರಿಗೆ, "ನಮ್ಮ ಅಳಿಯಂದಿರು ವೈರು ಚುಚ್ಚತಾರೆ" ಎಂದರು. ಆಗ ಬೇಸರವಾಗಿತ್ತು. ಈಗ ಯೋಚಿಸಿದರೆ ವೈರು ಚುಚ್ಚುವುದರಲ್ಲೇ ನಿಂತಿದ್ದರೆ ಎಲ್ಲರಿಗೂ ಒಳ್ಳೆಯದಿತ್ತು.

ಯಂತ್ರ ಮಾತಾಡುವುದು ಹೇಗೆಂದು ಎರಡು ನಿಮಿಷ ಕೇಳಿ. ಇಲ್ಲದಿದ್ದರೆ ನನ್ನ ಮಾನ ಹೋದದ್ದು ಎಲ್ಲಿ ಎಂದು ನಿಮಗೆ ತಿಳಿಯುವುದಿಲ್ಲ. ಸ್ಪ್ರಿಂಗು ಮಾಡುವ ಒಂದು ಕಾರ್ಖಾನೆಯಲ್ಲಿ ಒತ್ತುವ ಯಂತ್ರವಿದೆ. ಸ್ಪ್ರಿಂಗನ್ನು ಇಟ್ಟು ಪೆಡಲ್ ತುಳಿದರೆ, ಅದು ಕುಗ್ಗಲು ಎಷ್ಟು ಕಿಲೋ ಭಾರ ಬೇಕಾಯಿತೆಂಬುದು ಯಂತ್ರದ ಪುಟ್ಟ ಕಿಟಕಿಯಲ್ಲಿ ಕೆಂಪು ಅಂಕಿಗಳಲ್ಲಿ ಮೂಡುತ್ತದೆ. ಅದನ್ನೇ ಯಂತ್ರ ಐದು ಬೈಟುಗಳ ಒಂದು ಪ್ಯಾಕೆಟ್ ಮಾಡಿ ಕಂಪ್ಯೂಟರಿಗೆ ಕಳಿಸುತ್ತದೆ. ಪ್ಯಾಕೆಟ್ ಎಂದರೆ ಐದು ಬೋಗಿಗಳ ಲೋಕಲ್ ರೈಲು ಎಂದುಕೊಳ್ಳಿ. ಒಂದೊಂದು ಬೋಗಿಯಲ್ಲೂ ಒಂದೊಂದು ಸಂಖ್ಯೆ. ಅದು ಇನ್ನೂರ ಐವತ್ತೈದನ್ನು ದಾಟುವಂತಿಲ್ಲ. ಮೊದಲ ಬೋಗಿಯಲ್ಲಿ ಯಾವಾಗಲೂ ನೂರ ಎಪ್ಪತ್ತು ಇರುತ್ತದೆ, ಅದು 'ಬಂದೆ' ಎಂಬ ಗುರುತು. ನಂತರದ ಎರಡರಲ್ಲಿ ಭಾರ. ಕೊನೆಯ ಎರಡರಲ್ಲಿ ತಾಳೆ ನೋಡುವ ಸಂಖ್ಯೆ, ಮುಕ್ತಾಯದ ಗುರುತು. ನಾನು ಎಂಟು ವರ್ಷಗಳ ಹಿಂದೆ ಬರೆದ ಪ್ರೋಗ್ರಾಮು ನೂರ ಎಪ್ಪತ್ತನ್ನು ಕಂಡೊಡನೆ 'ಹೊಸ ರೈಲು ಬಂತು' ಎಂದು ಎದ್ದು ನಿಂತು, ಮೊದಲಿನಿಂದ ಐದು ಬೋಗಿ ಎಣಿಸಲು ಶುರುಮಾಡುತ್ತಿತ್ತು. ಎಂಟು ವರ್ಷ ಒಂದು ದೂರಿಲ್ಲ. ಅಷ್ಟು ವರ್ಷ ದೂರು ಬರದಿದ್ದರೆ ಮನುಷ್ಯನಿಗೆ ತಾನು ತಪ್ಪೇ ಮಾಡದ ಜಾತಿ ಎಂಬ ನಂಬಿಕೆ ಹುಟ್ಟುತ್ತದೆ. ನನಗೆ ಹುಟ್ಟಿ, ಬೆಳೆದು, ಕೈಗೆ ಬಂದಿತ್ತು.

ಈ ವರ್ಷ ಆ ಕಾರ್ಖಾನೆಗೆ ಹೊಸ ಜಾತಿಯ ದಪ್ಪ ಸ್ಪ್ರಿಂಗು ಬಂತು. ಅದನ್ನು ಪರೀಕ್ಷಿಸಲು ಧನಪಾಲ್ ಎಂಬ ಐವತ್ತೇಳರ ಹಿರಿಯ ಕೆಲಸಗಾರನನ್ನು ಕೂರಿಸಿದರು. ಇನ್ನೊಂದು ವರ್ಷಕ್ಕೆ ನಿವೃತ್ತಿ. ಸ್ಪ್ರಿಂಗನ್ನು ಬೆರಳಿನಿಂದ ತಟ್ಟಿ ಸದ್ದು ಕೇಳಿಯೇ ಇದು ಸರಿಯಿಲ್ಲ ಎನ್ನುವ ಆಸಾಮಿ. ಎರಡೇ ವಾರದಲ್ಲಿ ಮ್ಯಾನೇಜರ್ ರವಿ ನನಗೆ ಫೋನು ಮಾಡಿದ. ದಾಖಲೆಯಲ್ಲಿ ಅಕ್ಕಪಕ್ಕದ ಎರಡು ಸ್ಪ್ರಿಂಗುಗಳಿಗೆ ಒಂದೇ ಅಂಕಿ ಬಿದ್ದಿದೆಯಂತೆ, ದಿನಕ್ಕೆ ಎರಡು ಮೂರು ಸಲ. "ಮುದುಕ ಸೋಮಾರಿ ಆಗ್ಬಿಟ್ಟಿದ್ದಾನಾ ಸಾರ್? ಒಂದೇ ಸ್ಪ್ರಿಂಗನ್ನ ಎರಡು ಸಲ ಇಡ್ತಾನೋ ಏನೋ. ಇವು ರೈಲು ಬೋಗಿಗೆ ಹೋಗೋ ಮಾಲು!"

ನಾನು ಕಾರ್ಖಾನೆಗೆ ಹೋದೆ. ಯಂತ್ರದ ಹತ್ತಿರ ಹೋಗಲಿಲ್ಲ. ಮ್ಯಾನೇಜರ್ ಕೋಣೆಯ ತಂಪಿನಲ್ಲಿ ಕೂತು, ಕಾಫಿ ಕುಡಿದು, ದಾಖಲೆಯ ಹಾಳೆಗಳ ಮೇಲೆ ಕಣ್ಣಾಡಿಸಿದೆ. ಧನಪಾಲ್‌ನನ್ನು ಕರೆಸಿದರು. ಆತ ಬಾಗಿಲ ಬಳಿಯೇ ನಿಂತು, "ಸಾರ್, ನಾನ್ ಮಾತ್ತಿ ತಾನ್ ವೆಚ್ಚೇನ್" ಎಂದ. ಬದಲಿಸಿಯೇ ಇಟ್ಟಿದ್ದೆ ಎಂದು. ಯಂತ್ರದ ಕಿಟಕಿಯಲ್ಲಿ ಒಂದು ಅಂಕಿ ಬಂದರೆ ಕಂಪ್ಯೂಟರಿನ ಪರದೆ ಹಿಂದಿನ ಸ್ಪ್ರಿಂಗಿನ ಅಂಕಿಯನ್ನೇ ಹಿಡಿದುಕೊಂಡು ಕೂರುತ್ತದೆ, ಮತ್ತೆ ಒತ್ತಿದರೂ ಕದಲುವುದಿಲ್ಲ, ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ ಎಂದ. ನಾನು ಕರುಣೆಯಿಂದ ನಕ್ಕೆ. ಆ ನಗು ನೆನಪಾದಾಗಲೆಲ್ಲ ನನಗೆ ನಿಂತ ನೆಲವೇ ಬಿಸಿಯಾಗುತ್ತದೆ. ಮನೆಗೆ ಬಂದು ಆ ಮೂರು ಪುಟ ಬರೆದೆ: ಪ್ರೋಗ್ರಾಮಿನಲ್ಲಿ ದೋಷವಿಲ್ಲ, ಒಂದೇ ಸ್ಪ್ರಿಂಗನ್ನು ಎರಡು ಬಾರಿ ಇಟ್ಟಿರುವ ಸಾಧ್ಯತೆಯನ್ನು ತಳ್ಳಿಹಾಕುವಂತಿಲ್ಲ. 'ತಳ್ಳಿಹಾಕುವಂತಿಲ್ಲ' ಎಂಬ ಪದ ನನಗೆ ತುಂಬಾ ಗಂಭೀರವಾಗಿ ಕಂಡಿತು. ಎರಡು ಕಡೆ ಬಳಸಿದೆ. ಮರುದಿನ ಧನಪಾಲ್ ನೋಟ್‌ಬುಕ್ಕಿನ ಪುಟದ ಫೋಟೋ ತೆಗೆದು ನನ್ನ ವಾಟ್ಸಾಪ್‌ಗೆ ಕಳಿಸಿದ. ನಾನು ಅದನ್ನು ತೆರೆಯದೆ ಒಂದು ಕೈಮುಗಿದ ಚಿತ್ರ ಕಳಿಸಿದೆ. ಆ ವಾರವೇ ಆತನನ್ನು ಪರೀಕ್ಷೆಯ ಮೇಜಿನಿಂದ ಎಬ್ಬಿಸಿ ಪ್ಯಾಕಿಂಗಿಗೆ ಹಾಕಿದರು. ಮೂವತ್ತು ವರ್ಷ ಸ್ಪ್ರಿಂಗು ತಟ್ಟಿದ ಕೈ ಡಬ್ಬಕ್ಕೆ ಟೇಪು ಸುತ್ತಲು ಕೂತಿತು. 'ಮೈಗಳ್ಳ' ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲವಂತೆ. ಎಲ್ಲರೂ ಹೇಳದೆಯೇ ಹೇಳಿದರಂತೆ.

ಹತ್ತು ದಿನ ಕಳೆದ ಮೇಲೆ ರವಿ ಮತ್ತೆ ಫೋನು ಮಾಡಿದ. ಬದಲಿ ಆಳು ರಜೆ ಹಾಕಿದ್ದರಿಂದ ಅಂದು ತಾನೇ ಯಂತ್ರದ ಮುಂದೆ ಕೂತಿದ್ದನಂತೆ. "ನಾನೇ ವೆಚ್ಚೇನ್ ಸಾರ್! ಎನ್ ಕೈಯಾಲ ವೆಚ್ಚೇನ್!" ನನ್ನ ಕೈಯಾರೆ ಇಟ್ಟೆ ಎನ್ನುತ್ತಿದ್ದ, ಪೊಲೀಸರ ಮುಂದೆ ನಿಂತವನ ದನಿಯಲ್ಲಿ. ಪರದೆ ಅವನನ್ನೂ ಸೋಮಾರಿ ಎಂದಿತ್ತು.

ಆಗ ನಾನು ಫೋಟೋ ತೆರೆದೆ. ಗೆರೆ ಎಳೆದು ಮಾಡಿದ ಎರಡು ಸಾಲು: ಎಡಕ್ಕೆ ಯಂತ್ರದ ಕಿಟಕಿಯ ಅಂಕಿ, ಬಲಕ್ಕೆ ಪರದೆಯ ಅಂಕಿ. ಬಲಗಡೆ ನಾನಾ ಅಂಕಿಗಳು. ಎಡಗಡೆ ಮೇಲಿನಿಂದ ಕೆಳಗಿನವರೆಗೂ ಒಂದೇ: 938, 938, 938. ಒಂದು ಬೋಗಿಯಲ್ಲಿ ಹಿಡಿಸದ್ದರಿಂದ ಭಾರವನ್ನು ಎರಡರಲ್ಲಿ ತುಂಬುತ್ತಾರೆ: ಮೊದಲನೆಯದರಲ್ಲಿ ಎಷ್ಟು ಇನ್ನೂರ ಐವತ್ತಾರುಗಳು, ಎರಡನೆಯದರಲ್ಲಿ ಉಳಿದ ಚಿಲ್ಲರೆ. ಒಂಬೈನೂರ ಮೂವತ್ತೆಂಟೆಂದರೆ ಮೂರು ಇನ್ನೂರ ಐವತ್ತಾರು, ಚಿಲ್ಲರೆ ನೂರ ಎಪ್ಪತ್ತು. ರೈಲಿನ ನಡುವೆ ಬಂದ ನೂರ ಎಪ್ಪತ್ತನ್ನು ನೋಡಿ ನನ್ನ ಪ್ರೋಗ್ರಾಮು ಹೊಸ ರೈಲು ಬಂತೆಂದು ಬೊಬ್ಬೆ ಹೊಡೆದು, ಬಂದ ರೈಲನ್ನು ಅರ್ಧಕ್ಕೆ ಬಿಟ್ಟು, ಪರದೆಯ ಮೇಲೆ ಹಳೆಯ ಅಂಕಿಯನ್ನೇ ಉಳಿಸಿತ್ತು. ಹಳೆಯ ತೆಳು ಸ್ಪ್ರಿಂಗುಗಳು ನೂರ ಎಪ್ಪತ್ತು ಕಿಲೋವನ್ನೂ ಮುಟ್ಟುತ್ತಿರಲಿಲ್ಲ. ಎಂಟು ವರ್ಷದ ನನ್ನ ಕೀರ್ತಿಯ ಗುಟ್ಟು ಅಷ್ಟೇ. ಮೊದಲ ಬೋಗಿ ಕಂಡ ಮೇಲೆ, ಉಳಿದವುಗಳಲ್ಲಿ ಏನೇ ಇರಲಿ, ಸುಮ್ಮನೆ ಐದು ಎಣಿಸಬೇಕಿತ್ತು. ಐದು. ಯುಕೆಜಿ ಮಕ್ಕಳು ಮಾಡುವ ಕೆಲಸ.

ಸರಿಪಡಿಸಲು ಹತ್ತು ನಿಮಿಷ ಸಾಕಾಯಿತು. ಆಮೇಲೆ ಕಾರ್ಖಾನೆಗೆ ಪತ್ರ ಬರೆಯಲು ಕೂತೆ. ನನ್ನ ಹೆಂಡತಿ ವಸಂತಿ ವಿಮಾ ಕಚೇರಿಯಲ್ಲಿ ಅಪಘಾತದ ಹೇಳಿಕೆಗಳನ್ನು ಓದುವವಳು. ಹಿಂದಿನಿಂದ ಬಂದು ಕರಡು ಓದಿದಳು.

"'ಹೊಸ ಸ್ಪ್ರಿಂಗಿಗೆ ತಕ್ಕಂತೆ ಒಂದು ಸಣ್ಣ ಸುಧಾರಣೆ ಮಾಡಲಾಗಿದೆ.' ಏನ್ರೀ ಇದು?"

"ನಿಜಾನೇ ಅಲ್ವಾ? ಸುಧಾರಣೆ ಮಾಡಿದ್ದೀನಿ."

"ಲಾರಿ ಡ್ರೈವರುಗಳು ಹಿಂಗೇ ಬರೀತಾರೆ. ನಾನು ನೇರವಾಗಿ ಹೋಗ್ತಿದ್ದೆ, ಮರ ಬಂದು ಗುದ್ದಿತು ಅಂತ." ಕನ್ನಡಕ ತೆಗೆದು ಒರೆಸುತ್ತಾ ಕೇಳಿದಳು, "ಆ ಮನುಷ್ಯ ಈಗೆಲ್ಲಿದ್ದಾರೆ?"

"ಪ್ಯಾಕಿಂಗಲ್ಲಿ."

"ಈ ಕಾಗದ ಹೋದ್ರೆ ವಾಪಸ್ ಬರ್ತಾರಾ?"

ಬರುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ರವಿಯ ಕೈಯಲ್ಲಿ ಕೆಟ್ಟದ್ದು ಯಂತ್ರ, ಅದು ಸುಧಾರಿಸಿತು ಎನ್ನುತ್ತಾರೆ, ಮುದುಕನ ಮೇಲಿನ ಅನುಮಾನ ಮಾತ್ರ ಹಾಗೇ ಉಳಿಯುತ್ತದೆ. ಕರಡು ಅಳಿಸಿದೆ. ಮೂರು ಸಾಲು ಬರೆಯಲು ಅರ್ಧ ದಿನ ಹಿಡಿಯಿತು. ಅದನ್ನು ರವಿಗೆ ಕಳಿಸಿ, ಮರುದಿನ ಬೆಳಿಗ್ಗೆ ಪ್ಯಾಕಿಂಗ್ ವಿಭಾಗಕ್ಕೆ ಹೋದೆ. ದಾರಿಯುದ್ದಕ್ಕೂ ತಮಿಳಿನಲ್ಲಿ ಘನವಾದ ಕ್ಷಮಾಪಣೆಯ ಭಾಷಣವೊಂದನ್ನು ಸಿದ್ಧಮಾಡಿಕೊಂಡಿದ್ದೆ. ಟೇಪು ಸುತ್ತುತ್ತಿದ್ದ ಧನಪಾಲ್ ತಲೆಯೆತ್ತಿದ್ದೇ ತಡ, ಅದು ಆವಿಯಾಯಿತು.

"ಅಣ್ಣಾ, ಪ್ರೋಗ್ರಾಮ್‌ಲ ತಪ್ಪು ಇರುಂದುದು" ಎಂದೆ.

ಧನಪಾಲ್ ಟೇಪನ್ನು ಕತ್ತರಿಸಿದ. "ಯಾರ್ ಪಣ್ಣ ತಪ್ಪು ಸಾರ್?"

ಯಾರು ಮಾಡಿದ ತಪ್ಪು! ಸುತ್ತ ಹತ್ತು ಹನ್ನೆರಡು ಜನ ಕೈಕೆಲಸ ನಿಲ್ಲಿಸಿದ್ದರು. "ನಾನ್" ಎಂದೆ. ಇಷ್ಟು ಚಿಕ್ಕ ಪದ ಇಷ್ಟು ಭಾರ ತೂಗುತ್ತದೆಂದು ಯಾವ ಯಂತ್ರವೂ ನನಗೆ ಹೇಳಿರಲಿಲ್ಲ.

ಆತ ಚೀಲದಿಂದ ಅದೇ ನೋಟ್‌ಬುಕ್ಕನ್ನು ತೆಗೆದು ಪೆನ್ನು ಮುಂದೆ ಹಿಡಿದ. ಬರೆದುಕೊಡಿ, ತಮಿಳಿನಲ್ಲಿ ಬರೆದರೆ ಎಲ್ಲರೂ ಓದುತ್ತಾರೆ ಎಂದ. ಈ ಊರಿಗೆ ಬಂದು ಇಪ್ಪತ್ತಾರು ವರ್ಷ. ನನಗೆ ತಮಿಳು ಓದಲು ಬರುವುದು ಬಸ್ಸಿನ ಬೋರ್ಡಿನಷ್ಟು, ಬರೆಯಲು ಅದೂ ಇಲ್ಲ. ಯಂತ್ರಗಳ ಭಾಷೆ ಬಿಡಿಸುವ ಮಹಾಶಯನ ಸ್ಥಿತಿ ಇದು. ಬರೆಯಲು ಬರದೆಂದು ತಲೆ ತಗ್ಗಿಸಿ ಹೇಳಿದೆ. "ಸೊಲ್ಲುಂಗ ಸಾರ್, ನಾನ್ ಎಳುದರೇನ್" ಎಂದ. ನಾನು ಹೇಳಬೇಕು, ಆತ ಬರೆಯಬೇಕು.

ನಾನು ಮೂರು ವಾಕ್ಯ ಹೇಳಿ ನಿಲ್ಲಿಸಿದೆ. ಧನಪಾಲ್ ನಿಲ್ಲಿಸಲಿಲ್ಲ. ನಡುನಡುವೆ ನನ್ನನ್ನು ನೋಡಿ, ಮತ್ತೆ ತಲೆ ಬಗ್ಗಿಸಿ, ಪುಟದ ಕೆಳಗಿನವರೆಗೂ ಮುತ್ತಿನಂಥ ಅಕ್ಷರಗಳಲ್ಲಿ ಬರೆದ. ಹೆಗಲ ಮೇಲಿಂದ ಬಗ್ಗಿ ನೋಡುತ್ತಿದ್ದವರು ಒಬ್ಬರನ್ನೊಬ್ಬರು ತಿವಿದುಕೊಂಡರು. ಕೊನೆಗೆ ನೋಟ್‌ಬುಕ್ಕನ್ನು ನನ್ನತ್ತ ತಿರುಗಿಸಿ ಬೆರಳಿಟ್ಟು ತೋರಿಸಿದ. ಬೆರಳಿಟ್ಟಲ್ಲಿ ಸಹಿ ಹಾಕಿದೆ. ಆ ಪರಿಸ್ಥಿತಿಯಲ್ಲಿ, ಇದರಲ್ಲಿ ಏನಿದೆ ಎಂದು ಕೇಳುವ ಹಕ್ಕು ನನಗಿತ್ತೆಂದು ನನಗೆ ಅನಿಸಲಿಲ್ಲ.

ಧನಪಾಲ್ ಅಂದೇ ಮಧ್ಯಾಹ್ನ ಪರೀಕ್ಷೆಯ ಮೇಜಿಗೆ ಮರಳಿದ. ಪುಟ ಈಗ ಯಂತ್ರದ ಪಕ್ಕದ ಗೋಡೆಯ ಮೇಲಿದೆ, ಪ್ಲಾಸ್ಟಿಕ್ ಹೊದಿಸಿ, ನಾಲ್ಕು ಮೂಲೆಗೂ ಟೇಪು ಅಂಟಿಸಿ. ಟೇಪಿನ ಕೆಲಸ ಅಚ್ಚುಕಟ್ಟಾಗಿದೆ. ತಿಂಗಳಿಗೊಮ್ಮೆ ನಾನು ಹೋದಾಗ ಯಾರಾದರೊಬ್ಬರು ಅದರ ಮುಂದೆ ನಿಂತು ಓದುತ್ತಿರುತ್ತಾರೆ, ಓದಿ ಮುಗಿಸಿ ನಿಧಾನವಾಗಿ ನನ್ನತ್ತ ತಿರುಗುತ್ತಾರೆ. ಏನಿದೆ ಎಂದು ಒಮ್ಮೆ ರವಿಯನ್ನು ಕೇಳಿದೆ. "ನಲ್ಲಾ ಎಳುದಿರುಕ್ಕಾರು ಸಾರ್" ಎಂದು ಗೋಡೆಯ ಕಡೆ ನೋಡಿ ನಕ್ಕ. ಚೆನ್ನಾಗಿ ಬರೆದಿದ್ದಾರೆ ಎಂದಷ್ಟೇ. ವಸಂತಿ ಪೆರಂಬೂರಿನ ಶಾಲೆಯಲ್ಲಿ ತಮಿಳು ಕಲಿತವಳು, ಗಳಗಳನೆ ಓದುತ್ತಾಳೆ. ಒಂದು ಫೋಟೋ ತನ್ನಿ, ಓದಿ ಹೇಳುತ್ತೇನೆ ಎಂದು ಪ್ರತಿ ತಿಂಗಳೂ ನೆನಪಿಸುತ್ತಾಳೆ. ಅಲ್ಲಿ ಬೆಳಕು ಸಾಲದು ಎಂದು ಹೇಳಿದ್ದೇನೆ.