ದೊರಸಾನಿಯ ಕ್ಯಾಮೆಲಿಯಾ

೧. ಕೊಡೆ

ಗಿಡ ಹೊಸಪೇಟೆ ಸ್ಟೇಷನ್ನಿನಲ್ಲಿ ಇಳಿಯಿತು. ನೀಲಗಿರಿಯಿಂದ ಬಂದದ್ದು. ಮೊಣಕಾಲೆತ್ತರ. ಬೇರಿಗೆ ಒದ್ದೆ ಗೋಣಿ ಸುತ್ತಿತ್ತು. ತರಿಸಿದವರು ಕಾಲುವೆ ಎಂಜಿನಿಯರ್ ದೊರೆಯ ಹೆಂಡತಿ. ನಾನು ಅವರ ಬಂಗಲೆಯ ಹೊಸ ಮಾಲಿ.

ಇದು ಕ್ಯಾಮೆಲಿಯಾ ಅಂದರು ದೊರಸಾನಿ. ಎಲೆ ಉದುರುವುದಿಲ್ಲ. ನೆರಳು ಬೇಕು. ಚಳಿಗಾಲದಲ್ಲಿ ಹೂ ಬಿಡುತ್ತದೆ. ಅವರ ತಾಯಿಯ ಹಿತ್ತಲಲ್ಲಿ ಇತ್ತಂತೆ. ಬರುವ ಚಳಿಗಾಲಕ್ಕೆ ಹೂ ಬಿಟ್ಟರೆ ನನ್ನ ಕೆಲಸ ಕಾಯಂ. ಬಿಡದಿದ್ದರೆ ಬೇರೆ ಮಾಲಿ.

"ಆಗಲಿ" ಅಂದೆ.

ಗಿಡವನ್ನು ಎತ್ತಿನ ಗಾಡಿಯಲ್ಲಿಟ್ಟೆವು. ದೊರಸಾನಿ ತಮ್ಮ ಕೊಡೆ ನನಗೆ ಕೊಟ್ಟು ಗಿಡಕ್ಕೆ ಹಿಡಿಯಲು ಹೇಳಿದರು. ತಾವು ಬಿಸಿಲಲ್ಲಿ ಹಿಂದೆ ನಡೆದರು. ಮುಂದೆ ಜವಾನ ದಾರಿ ಬಿಡಿಸುತ್ತಿದ್ದ. ಪೇಟೆಯ ಜನ ಎದ್ದು ನಿಂತರು. ಒಬ್ಬ ಮುದುಕಿ ಗಾಡಿಗೆ ಕೈಮುಗಿದಳು.

"ಯಾವ ದೇವ್ರಪ್ಪಾ?"

"ಗಿಡ."

"ಗಿಡ ಕಾಣಾಕತ್ತೈತಿ. ದೇವ್ರು ಯಾವುದು?"

ಬಂಗಲೆ ಸೇರುವಷ್ಟರಲ್ಲಿ ಗಾಡಿಯಲ್ಲಿ ಮೂರು ತೆಂಗಿನಕಾಯಿ ಇದ್ದವು.

೨. ಮಣ್ಣು

ಬಂಗಲೆಯ ಮಣ್ಣು ಒಗ್ಗಲಿಲ್ಲ. ಎಲೆ ಹಳದಿಯಾಯಿತು. ಗುಡ್ಡದ ಕೆಂಪು ಮಣ್ಣು, ಕೊಳೆತ ಎಲೆ ಬೇಕು ಅಂದರು ದೊರಸಾನಿ. ಗಾಡಿ ಕಟ್ಟಿಕೊಂಡು ಸಂಡೂರಿಗೆ ಹೋದೆ. ತುಂಬಿಕೊಂಡು ಬರುವಾಗ ಅಡವಿಯ ಕಾವಲುಗಾರ ತಡೆದ.

"ಏನೈತಿ ಗಾಡ್ಯಾಗ?"

"ಮಣ್ಣು."

"ಅದರ ಕೆಳಗ?"

"ಮಣ್ಣು."

ಅವನು ನಂಬಲಿಲ್ಲ. ಶ್ರೀಗಂಧ ಇದೆ ಎಂದು ಗಾಡಿ ಪೂರ್ತಿ ಕೆಳಗೆ ಸುರಿಸಿದ. ಮೊಣಕೈವರೆಗೆ ಕೈ ಹಾಕಿ ಹುಡುಕಿದ. ಏನೂ ಸಿಗಲಿಲ್ಲ. ಅನುಮಾನ ಇನ್ನೂ ಹೆಚ್ಚಾಯಿತು.

"ಹೊಸಪೇಟ್ಯಾಗ ಮಣ್ಣಿಲ್ಲೇನು?"

"ಐತಿ."

"ಮತ್ತ?"

"ನಮ್ಮ ದೊರಸಾನೀನ ಕೇಳ್ರಿ."

ಕೊನೆಗೆ ನನ್ನನ್ನು ಹೋಗಲು ಬಿಟ್ಟ. ಎಲ್ಲ ನಾನೇ ಮತ್ತೆ ತುಂಬಿದೆ. ಮುಂದಿನ ತಿಂಗಳು ಮಣ್ಣಿಗೆಂದು ಹೋದರೆ, ನಾನು ತೋಡಿದ್ದ ಗುಂಡಿಗೆ ಇಬ್ಬರು ಕಾವಲಿದ್ದರು.

೩. ತಟ್ಟಿ

ಬೇಸಿಗೆ ಬಂತು. ನಮ್ಮ ಕಡೆಯ ಬೇಸಿಗೆ. ಬಂಡೆಯ ಮೇಲೆ ಹಪ್ಪಳ ಇಟ್ಟರೆ ತಿರುವಿ ಹಾಕುವ ಮೊದಲೇ ಒಣಗುತ್ತದೆ. ಗಿಡ ಬಾವಿಯ ಪಕ್ಕ, ಮಾವಿನ ನೆರಳಲ್ಲಿತ್ತು. ಆದರೂ ಬಾಡಿತು.

ದೊರೆಯ ಕಚೇರಿ ಕೋಣೆಯ ಬಾಗಿಲಿಗೆ ಲಾವಂಚದ ತಟ್ಟಿ ಇತ್ತು. ನೀರು ಹೊಡೆದರೆ ಒಳಗೆ ತಂಪು. ದೊರಸಾನಿ ಅದನ್ನು ಬಿಚ್ಚಿಸಿ ಗಿಡದ ಸುತ್ತ ಕಟ್ಟಿಸಿದರು. ಮಧ್ಯಾಹ್ನ ದೊರೆ ಕೆಂಪಾಗಿ ಹೊರಬಂದರು. ತಟ್ಟಿ ಎಲ್ಲಿ ಎಂದು ಕೇಳಿದರು. ತೋರಿಸಿದೆ.

ಅವರು ಕುರ್ಚಿ ತರಿಸಿಕೊಂಡು, ಕಾಗದಪತ್ರ ಹಿಡಿದು ತಟ್ಟಿಯ ಒಳಗೇ ಹೋಗಿ ಕೂತರು. ಕಂಪ್ಲಿಯಿಂದ ಕಾಲುವೆ ಕಂತ್ರಾಟುದಾರ ಬಂದ.

"ದೊರೆಗಳು ಎಲ್ಲಿ ಅದಾರ?"

"ಗಿಡದ ಕೋಣ್ಯಾಗ."

ಒಳಗೆ ಹೋದವನು ಸಂಜೆತನಕ ಹೊರಗೆ ಬರಲಿಲ್ಲ. ಅಲ್ಲಿ ಅಷ್ಟು ತಂಪು.

೪. ಮೊಗ್ಗು

ದೀಪಾವಳಿ ಮುಗಿದ ಮೇಲೆ ನಾಲ್ಕು ಮೊಗ್ಗು ಕಂಡವು. ಮೂರು ಉದುರಿದವು. ಒಂದು ಉಳಿಯಿತು. ನಿಂಬೆಕಾಯಿಯಷ್ಟಾಯಿತು. ತುದಿ ಸೀಳಿ ಗುಲಾಬಿ ಬಣ್ಣ ಇಣುಕಿತು. ಬಂಗಲೆಗೆ ಹುಚ್ಚು ಹಿಡಿಯಿತು. ಬಟ್ಲರ್ ಒಲೆಯ ಮೇಲಿನ ಹಾಲು ಬಿಟ್ಟು ಬಂದು ನೋಡುತ್ತಿದ್ದ. ಜವಾನ ದಿನಕ್ಕೆ ಹತ್ತು ಸಲ "ಇವತ್ತ ಏನ್ರಿ?" ಅನ್ನುತ್ತಿದ್ದ. ನನಗೂ ಊಟ ಸೇರುತ್ತಿರಲಿಲ್ಲ.

ಅಷ್ಟರಲ್ಲಿ ದೊರೆಗೆ ಮದ್ರಾಸಿಗೆ ವರ್ಗವಾಯಿತು. ಸೋಮವಾರ ರೈಲು. ಭಾನುವಾರ ಹೂ ಅರಳುವುದು ಖಚಿತ ಎಂದೆ. ದೊರಸಾನಿ ಊರಿನ ದೊರೆಗಳನ್ನೆಲ್ಲ ಚಹಾಕ್ಕೆ ಕರೆದರು. ಬೆಳಿಗ್ಗೆ ಎಂಟಕ್ಕೆ.

ಭಾನುವಾರ ಏಳಕ್ಕೆ ಹೋದೆ. ಮೊಗ್ಗಿಲ್ಲ. ತೊಟ್ಟು ಮಾತ್ರ ಇದೆ.

ಹಿಂದಿನ ದಿನ ನನ್ನ ಹೆಂಡತಿಯನ್ನು ನೋಡಲು ಅವಳ ತಾಯಿ, ನನ್ನ ಅತ್ತೆ, ಕಂಪ್ಲಿಯಿಂದ ಬಂದಿದ್ದರು. ಬಂಗಲೆಯ ಹಿಂದಿನ ನನ್ನ ಮನೆಗೆ ಓಡಿದೆ.

"ಅತ್ತೀ, ಮೊಗ್ಗು?"

"ನಾನ ನಿನ್ನಿ ಸಂಜಿಕ ಹರಕೊಂಡ್ ಬಂದೆ. ಅರಳಿದ ಮ್ಯಾಲ ಯಾರರ ಹೂ ಹರೀತಾರೇನ್ರಿ ಅಳಿಯಾರ? ಮಾಲಿ ಅಂತೀರಿ, ಅಷ್ಟೂ ತಿಳೀದಾ?"

"ಎಲ್ಲೈತಿ?"

"ಲಿಂಗಪ್ಪನ ಮ್ಯಾಲ."

ದೇವರ ಗೂಡಿನಲ್ಲಿ, ದೀಪದ ಪಕ್ಕದ ಲಿಂಗದ ಮೇಲೆ, ಹೂ ಪೂರ್ತಿ ಅರಳಿ ಕೂತಿತ್ತು. ಅಂಗೈ ಅಗಲ. ಕೈ ಹಾಕಿದೆ. ಅತ್ತೆ ನನ್ನ ಕೈಗೆ ಹೊಡೆದರು.

"ಪೂಜಿ ಮುಗೀಲಿ!"

"ಜಲ್ದಿ ಮುಗಸ್ರಿ, ಅತ್ತೀ. ನನ್ನ ಕೆಲಸ ಹೋಗತೈತಿ!"

ಅವರು ಜಲ್ದಿ ಮಾಡಲಿಲ್ಲ. ವಿಭೂತಿ ಹಚ್ಚಿದರು. ಊದುಬತ್ತಿ ಬೆಳಗಿದರು. ಕರ್ಪೂರ ಬೆಳಗಿದರು. ಆಮೇಲೆ ಹೂವನ್ನು ಪ್ರಸಾದವೆಂದು ನನ್ನ ಕೈಗಿಟ್ಟರು. ಇಬ್ಬರೂ ಗಿಡದ ಹತ್ತಿರ ಓಡಿದೆವು. ಬಾಳೆ ನಾರಿನಿಂದ ಅತ್ತೆಯೇ ತೊಟ್ಟಿಗೆ ಕಟ್ಟಿದರು. ಮಾಲೆ ಕಟ್ಟಿ ಪಳಗಿದ ಕೈ. ಗಂಟು ಕಾಣಲಿಲ್ಲ.

ಎಂಟಕ್ಕೆ ಎಲ್ಲರೂ ಬಂದರು. ದೊರಸಾನಿ ಹೂ ನೋಡಿ ಅತ್ತರು. ಬಗ್ಗಿ ಮೂಸಿದರು. ಥಟ್ಟನೆ ತಲೆಯೆತ್ತಿ ದೊರೆಯನ್ನು ಕರೆದರು. ದೊರೆ ಮೂಸಿದರು. ಬಂದವರೆಲ್ಲ ಸಾಲಾಗಿ ನಿಂತು ಮೂಸಿದರು.

ಕ್ಯಾಮೆಲಿಯಾಕ್ಕೆ ವಾಸನೆ ಇರುವುದಿಲ್ಲವಂತೆ. ಅವರ ದೇಶದಲ್ಲೂ ಇಲ್ಲ, ನೀಲಗಿರಿಯಲ್ಲೂ ಇಲ್ಲ. ಹೊಸಪೇಟೆಯ ಹೂವಿಗೆ ಕರ್ಪೂರದ ವಾಸನೆ ಬಂದಿದೆ! ಏನು ಗೊಬ್ಬರ ಹಾಕಿದೆ ಎಂದು ನನ್ನನ್ನು ಕೇಳಿದರು.

"ಸಂಡೂರಿನ ಮಣ್ಣು" ಅಂದೆ.

ಹೊಸ ದೊರೆ ಬಂದರೂ ಅದೇ ಬಂಗಲೆಯಲ್ಲಿ ನನ್ನ ಕೆಲಸ ಕಾಯಂ ಆಯಿತು. ದೊರಸಾನಿ ಮದ್ರಾಸಿಗೆ ಹೋಗಿ ಗಿಡಗಳ ಪಂಡಿತರಿಗೆ ಈ ವಿಷಯ ಹೇಳಿದರು. ಮರು ಚಳಿಗಾಲ ಮೂರು ಹೂ ಬಿಟ್ಟವು. ವಾಸನೆ ಪರೀಕ್ಷೆಗೆ ಪಂಡಿತರಿಬ್ಬರು ರೈಲಿನಲ್ಲಿ ಬಂದರು.

ಹಿಂದಿನ ದಿನವೇ ಕಂಪ್ಲಿಯಿಂದ ಅತ್ತೆಯನ್ನು ಕರೆಸಿದ್ದೆ.