ಅರ್ಧ ಮೈಲಿ ಬೆಳಕು

ಡಬ್ಬದ ಮೇಲೆ ಬರೆದದ್ದನ್ನು ನಂಬಿ ಸಾಮಾನು ಕೊಳ್ಳುವವರು ಇರುವವರೆಗೂ ಇಂಥ ಪ್ರಸಂಗಗಳಿಗೆ ಬರವಿಲ್ಲ. ಎಪ್ಪತ್ತರ ದಶಕದಲ್ಲಿ ನಾನು ಟಾರ್ಚು ಮಾರುತ್ತಿದ್ದೆ. ನಮ್ಮ ಕಡೆ ಅದಕ್ಕೆ ಬ್ಯಾಟರಿ ಅಂತಲೇ ಹೆಸರು. ಕೋಲಾರದ ಏಜೆಂಟರ ಹತ್ತಿರ ಚೀಲ ತುಂಬಿಸಿಕೊಂಡು ಮಾಲೂರು, ಶ್ರೀನಿವಾಸಪುರ, ಮುಳಬಾಗಿಲು ಸುತ್ತುವುದು ಕೆಲಸ. ಪ್ರತಿ ಡಬ್ಬದ ಮೇಲೂ ಕೆಂಪಕ್ಷರದಲ್ಲಿ ‘ಅರ್ಧ ಮೈಲಿ ಬೆಳಕು’ ಅಂತ ಅಚ್ಚಾಗಿತ್ತು.

ಮುಳಬಾಗಿಲಿನಲ್ಲಿ ನನ್ನಿಂದ ಮಾಲು ಕೊಳ್ಳುತ್ತಿದ್ದ ಅಂಗಡಿ ಯಜಮಾನರು ನಮ್ಮ ಜನವೇ. ಅವರ ಮಗಳನ್ನು ಮದುವೆಯಾಗಬೇಕು ಅನ್ನುವುದು ನನಗಿದ್ದ ಒಂದೇ ಆಸೆ. ಆ ಮನುಷ್ಯ ನನ್ನ ಮಾತು ನಂಬಿದರೆ ಸಾಕಿತ್ತು.

ಕಂಬಳಿ

ಮಾಲೂರು ಸಂತೆಯಲ್ಲಿ ಹಗಲು ಹೊತ್ತು ಬ್ಯಾಟರಿ ಹತ್ತಿಸಿದರೆ ಯಾರಿಗೆ ಕಾಣುತ್ತೆ? ಅದಕ್ಕೇ ಗಿರಾಕಿಯ ತಲೆಗೂ ನನ್ನ ತಲೆಗೂ ಸೇರಿಸಿ ಒಂದು ಕಂಬಳಿ ಮುಚ್ಚಿ, ಒಳಗೆ ಗುಂಡಿ ಒತ್ತುತ್ತಿದ್ದೆ. ಕಣ್ಣು ಕೋರೈಸುತ್ತಿತ್ತು. ಮಾಸ್ತಿ ಕಡೆಯ ರೈತನೊಬ್ಬ ಹಾಗೆ ಬೆರಗಾಗಿ ಒಂದನ್ನು ಕೊಂಡ. ಮುಂದಿನ ವಾರ ಬಂದವನು ಕೂಗಾಡಲಿಲ್ಲ, ಸಮಾಧಾನವಾಗಿಯೇ ಕೇಳಿದ.

“ಕಂಬ್ಳಿ ಒಳಗೆ ಚೆನ್ನಾಗೇ ಉರೀತದೆ ಸ್ವಾಮಿ. ಆದ್ರೆ ಕಂಬ್ಳಿ ಒಳಗೆ ಕೂತ್ಕೊಂಡು ರಾಗಿ ಹೊಲಕ್ಕೆ ನೀರು ಹೆಂಗೆ ಕಟ್ಲಿ?”

ಮಾವಿನ ತೋಪು

ಶ್ರೀನಿವಾಸಪುರದಲ್ಲಿ ತೋಪು ಗುತ್ತಿಗೆ ಹಿಡಿದಿದ್ದ ಸಾಹೇಬರೊಬ್ಬರು ಕಳ್ಳರ ಕಾಟಕ್ಕೆ ಬ್ಯಾಟರಿ ಕೊಂಡರು. ಫಸಲು ಮುಗಿದ ಮೇಲೆ ಸಿಕ್ಕಾಗ, ಕಳ್ಳ ಸಿಕ್ಕಿದನಾ ಅಂತ ಕೇಳಿದೆ. ಬೆಳಕು ಎರಡನೇ ಮರ ದಾಟಲೇ ಇಲ್ಲವಂತೆ. ಕಳ್ಳ ಕಾಣಲಿಲ್ಲ, ಬೆಳಕು ಹಿಡಿದ ಸಾಹೇಬರು ಮಾತ್ರ ಕಳ್ಳನಿಗೆ ಚೆನ್ನಾಗಿ ಕಂಡರಂತೆ.

“ನಾನು ಯಾವ ಮರದ ಹತ್ರ ಇಲ್ಲ ಅಂತ ಅವ್ನಿಗೆ ಗೊತ್ತಾಗೋದಕ್ಕೆ ನಿಮ್ಮ ಬ್ಯಾಟ್ರಿ ಬಹಳ ಅನುಕೂಲ ಆಯ್ತು” ಅಂದರು.

ಏಜೆಂಟರ ಉತ್ತರ

ನಾಚಿಕೆಯಾಗಿ ಕೋಲಾರಕ್ಕೆ ಹೋಗಿ ಏಜೆಂಟರಿಗೆ ಹೇಳಿದೆ. ಅವರು ತಣ್ಣಗೆ ಕಾಫಿ ಕುಡಿಯುತ್ತಾ, ಅರ್ಧ ಮೈಲಿ ಆಚೆ ನಿಂತವನಿಗೆ ಈ ಬೆಳಕು ಕಾಣುತ್ತೆ ತಾನೇ ಅಂತ ಕೇಳಿದರು. ಹಿಡಿದುಕೊಂಡವನಿಗೆ ಅರ್ಧ ಮೈಲಿ ಕಾಣುತ್ತೆ ಅಂತ ಡಬ್ಬದ ಮೇಲೆ ಎಲ್ಲಿ ಬರೆದಿದೆ, ತೋರಿಸಿ ಅಂದರು. ನಾನು ಚೀಲ ಎತ್ತಿಕೊಂಡು ಬಂದೆ. ಆ ಲೆಕ್ಕಕ್ಕೆ ಬೀಡಿ ಹಚ್ಚಿದರೂ ಸಾಕಿತ್ತು, ಸೆಲ್ಲಿನ ಖರ್ಚಾದರೂ ಉಳಿಯುತ್ತಿತ್ತು.

ಹೆಣ್ಣು ಕೇಳಿದ್ದು

ಕೊನೆಗೆ ಸೋದರಮಾವನನ್ನು ಕರೆದುಕೊಂಡು ಮುಳಬಾಗಿಲಿಗೆ ಹೆಣ್ಣು ಕೇಳಲು ಹೋದೆ. ಅಷ್ಟು ಹೊತ್ತಿಗೆ ಯಜಮಾನರಿಗೆ ಗಿರಾಕಿಗಳ ದೂರು ಕೇಳಿ ಕೇಳಿ ಸಾಕಾಗಿತ್ತು. ಮಗಳು ಬಾಗಿಲ ಹಿಂದೆ ನಿಂತಿದ್ದಳು, ಸೆರಗಿನ ತುದಿ ಕಾಣುತ್ತಿತ್ತು.

ಜಮೀನು ಎಷ್ಟು ಅಂತ ಕೇಳಿದರು. ಹಿಪ್ಪುನೇರಳೆ ತೋಟ ಮೂರು ಎಕರೆ ಅಂದೆ. ಅದು ಅಪ್ಪಟ ನಿಜ. ಅವರು ಒಂದು ಗಳಿಗೆ ಯೋಚಿಸಿ, ಒಂದು ಅಂತ ಇಟ್ಟುಕೊಳ್ಳೋಣ ಅಂದರು. ಹೆಂಚಿನ ಮನೆ ಅಂದೆ. ಸೋರುತ್ತೆ ಅಂತ ಇಟ್ಟುಕೊಂಡರು. ವಯಸ್ಸು ಇಪ್ಪತ್ತಾರು ಅಂದೆ. ಅದೊಂದನ್ನು ಮಾತ್ರ ಇಳಿಸಲಿಲ್ಲ, ಮೂವತ್ತಕ್ಕೆ ಏರಿಸಿದರು. ಆಣೆ ಮಾಡಲು ಎದ್ದ ಸೋದರಮಾವನನ್ನು ನಾನೇ ಕೂರಿಸಿದೆ.

ಬೇರೆ ಏನೂ ಬೇಡ, ಇದೊಂದನ್ನಾದರೂ ನಂಬಲಿ ಅಂತ, “ನಿಮ್ಮ ಮಗಳನ್ನ ಬದುಕಿರೋವರೆಗೂ ಚೆನ್ನಾಗಿ ನೋಡ್ಕೊಳ್ತೀನಿ” ಅಂದೆ.

ಯಜಮಾನರು ಪ್ರೀತಿಯಿಂದಲೇ ನನ್ನ ಬೆನ್ನು ತಟ್ಟಿದರು. “ಡಬ್ಬದ ಮೇಲೆ ಹಂಗೇ ಬರ್ದಿರ್ತಾರೆ ನಾಯನಾ” ಅಂದರು.

ಬಾಗಿಲ ಹಿಂದಿನಿಂದ ಹುಡುಗಿ ಕಿಸಕ್ಕನೆ ನಕ್ಕಳು. ಅವಳು ನಕ್ಕದ್ದು ಕೇಳಿ ನನಗೂ ತಡೆಯಲಾಗಲಿಲ್ಲ, ನಕ್ಕುಬಿಟ್ಟೆ. ಅದೇ ಎಡವಟ್ಟಾಯಿತು. ತನ್ನ ಮಾತೂ ಡಬ್ಬದ ಬರಹವೇ ಎಂದು ಹುಡುಗ ತಾನೇ ಒಪ್ಪಿಕೊಂಡನಲ್ಲ ಅಂತ ಯಜಮಾನರು ನಿರಾಳವಾಗಿ ನಮ್ಮಿಬ್ಬರಿಗೂ ಊಟ ಹಾಕಿ ಕಳಿಸಿ, ಮಗಳನ್ನು ಚಿಂತಾಮಣಿಯ ಮಿತಭಾಷಿ ವರನೊಬ್ಬನಿಗೆ ಕೊಟ್ಟರು.